ಸಂಪಾದಕರ ಉತ್ತರ: ಪಾಸ್ ಕೇಳದ ಪ್ರೇಕ್ಷಕರು ಬೇಕಾಗಿದ್ದಾರೆ

ಹಾವೇರಿಯ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಇದು: ಶುಕ್ರವಾರ ರಾತ್ರಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದ ಅವರು, ಧಾರವಾಡದಲ್ಲಿ ತಮ್ಮೊಂದಿಗೆ ಓದಿದ ಗೆಳತಿಯರ ಮನೆಯಲ್ಲಿ ಎರಡು ದಿನ ಉಳಿದರು. ಶನಿವಾರ ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ, ಸಂಜೆ ರಂಗಶಂಕರದಲ್ಲಿ ಗಿರೀಶ ಕಾರ್ನಾಡರ ನಾಟಕ, ರಾತ್ರಿ ಗೆಳತಿಯ ಮನೆಯಲ್ಲಿ ಇವರೇ ಊರಿಂದ ಒಯ್ದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾತು. “ಇಂಥ ಒಂದು ಸಂಜೆ ಹುಬ್ಬಳ್ಳಿ-ಧಾರವಾಡದಲ್ಲಿ ಏಕೆ ಸಿಗುವುದಿಲ್ಲ? ನಮ್ಮ ಕಡೆ ನಾಟಕವೇ ಉಳಿದಿಲ್ಲ. ಸರ್ಕಾರ ಪ್ರತಿ ಶನಿವಾರ ಉಚಿತವಾಗಿ ನಾಟಕ ಆಡಿಸಿದರೆ ಜನ ಬಂದಾರು” ಎಂದು ಅವರು ಬರೆದಿದ್ದಾರೆ.

ಮಾನ್ಯರೇ, ನಿಮ್ಮ ಪತ್ರವನ್ನು ಓದಿ ಸಂತೋಷವಾಯಿತು. ನಾಟಕಕ್ಕೆಂದು ರಾತ್ರಿಯಿಡೀ ರೈಲಿನಲ್ಲಿ ಕುಳಿತು ಹೋಗುವ ಓದುಗರು ಪತ್ರಿಕೆಗೆ ಭೂಷಣ. ರಂಗಶಂಕರದ ಶಿಸ್ತನ್ನು ನೀವು ಹೊಗಳಿದ್ದು ಸರಿಯಾಗಿದೆ. ಶಂಕರ್ ನಾಗ್ ಅವರ ನೆನಪಿಗೆ ಅರುಂಧತಿ ನಾಗ್ ಅವರು ಕಟ್ಟಿ ನಿಲ್ಲಿಸಿದ ಆ ರಂಗಮಂದಿರ 2004ರಲ್ಲಿ ಆರಂಭವಾದಾಗಿನಿಂದ, ನಾಟಕ ಶುರುವಾದ ಮೇಲೆ ಬಂದವರು ಯಾರೇ ಆದರೂ ಒಳಗೆ ಬಿಡುವುದಿಲ್ಲವೆಂಬ ನಿಯಮವನ್ನು ಪಾಲಿಸಿಕೊಂಡು ಬಂದಿದೆ. ಆ ವಿಷಯದಲ್ಲಿ ಬೆಂಗಳೂರಿಗೆ ನಮಸ್ಕಾರ. ಆದರೆ ನೀವು ಬರೆಯದೆ ಬಿಟ್ಟ ಒಂದು ಸಂಗತಿ ಇದೆ: ಆ ಸಂಜೆ ನೀವೂ ನಿಮ್ಮ ಗೆಳತಿಯರೂ ಟಿಕೆಟ್ ತೆಗೆದು ಒಳಗೆ ಹೋದಿರಿ. ಹಾಗೆಂದೇ ಗಡಿಯಾರ ನೋಡಿಕೊಂಡು ಹೋದಿರಿ, ಕೊನೆಯ ತನಕ ಕುಳಿತಿರಿ. ಅದೇ ನೀವು ನಮ್ಮ ಊರುಗಳಿಗೆ ಮಾತ್ರ ಪುಕ್ಕಟೆ ನಾಟಕ ಬೇಡುತ್ತೀರಿ. ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ.

ಕನ್ನಡದ ವೃತ್ತಿ ರಂಗಭೂಮಿ ಟಿಕೆಟ್ಟಿನ ರೊಕ್ಕದಿಂದ ಬೆಳೆದದ್ದು ನಮ್ಮ ನೆಲದಲ್ಲಿ. ಸಾಂಗಲಿಯ ಕಡೆಯಿಂದ ಮರಾಠಿ ಕಂಪನಿಗಳು ಬಂದು ನಮ್ಮ ಊರುಗಳಲ್ಲಿ ಆಡಿ ಗಳಿಸಿಕೊಂಡು ಹೋಗುತ್ತಿದ್ದ 1870ರ ದಶಕದಲ್ಲಿ, ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಅವರು ಶಾಲಾ ಮಾಸ್ತರರು, ಅಂದರೆ ನಿಮ್ಮದೇ ವೃತ್ತಿಯವರು. ಮುಂದೆ ಅದೇ ಗದುಗಿನಿಂದ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಊರೂರು ತಿರುಗಿತು. ಮುಂದೆ ಹಿಂದೂಸ್ತಾನಿ ಗಾಯಕರಾಗಿ ಹೆಸರಾದ ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದರು. ಅಲ್ಲಿ ಅವರ ಕಂಠವನ್ನು ಕೇಳಿಯೇ ಮಿರಜಿನ ಗಾಯಕ ನೀಲಕಂಠಬುವಾ ಅವರನ್ನು ಶಿಷ್ಯನನ್ನಾಗಿ ಕರೆದುಕೊಂಡರು. ರೊಕ್ಕ ಕೊಟ್ಟು ಬಂದು ಕುಳಿತ ಪ್ರೇಕ್ಷಕರಿಂದ ನಡೆಯುತ್ತಿದ್ದ ಕಂಪನಿ ಇರದಿದ್ದರೆ ಆ ಹುಡುಗ ಬುವಾ ಅವರ ಕಿವಿಗೆ ಎಲ್ಲಿ ಬೀಳುತ್ತಿದ್ದ?

ಇನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮಾತು. ಪಂಚಾಕ್ಷರ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ್ದನ್ನು ಎಲ್ಲರೂ ಕೈಮುಗಿದು ನೆನೆಯುತ್ತಾರೆ. ಆ ಅನ್ನಕ್ಕೆ ಭಕ್ತರ ಕಾಣಿಕೆಯೊಂದಿಗೆ ಆಶ್ರಮದ ನಾಟಕ ಕಂಪನಿಯ ಗಳಿಕೆಯೂ ಸೇರುತ್ತಿತ್ತೆಂಬುದನ್ನು ಮಾತ್ರ ಮರೆಯುತ್ತಾರೆ. ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಕಂಪನಿ ನಡೆಸಿದರು. ಜಾತ್ರೆಗೆ ಬಂದ ರೈತ ಟಿಕೆಟ್ಟಿಗೆ ಕೊಟ್ಟ ನಾಣ್ಯ ಯಾವುದೋ ಹುಡುಗನ ತಾಟಿನಲ್ಲಿ ರೊಟ್ಟಿಯಾಗುತ್ತಿತ್ತು.

ಕಂಪನಿ ನಾಟಕ ಸತ್ತಿಲ್ಲ. ಬನದ ಹುಣ್ಣಿವೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಹಲವು ಕಂಪನಿಗಳು ಪತ್ರಾಸಿನ (ತಗಡಿನ) ಥಿಯೇಟರ್ ಹಾಕಿ ಬೆಳತನಕ ಆಡುತ್ತವೆ. ಅಂಥ ಒಂದು ಕ್ಯಾಂಪಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಕಿಟಕಿಯಲ್ಲಿ ಕುಳಿತು ಟಿಕೆಟ್ ಹರಿದು ಕೊಡುತ್ತಿದ್ದ ಹೆಣ್ಣುಮಗಳು ಗಲ್ಲಾಪೆಟ್ಟಿಗೆಯನ್ನು ಮಾಲೀಕರ ಕೈಗಿತ್ತು ಒಳಗೆ ಹೋದವರು, ಎರಡನೇ ಪ್ರವೇಶಕ್ಕೆ ನಾಯಕನ ತಾಯಿಯಾಗಿ ರಂಗದ ಮೇಲೆ ಬಂದರು. ಆ ರಾತ್ರಿ ನಟನೊಬ್ಬ ರಂಗಗೀತೆಯ ಎರಡನೇ ಚರಣವನ್ನು ನುಂಗಿಕೊಂಡು ಮಾತಿಗೆ ಇಳಿದಾಗ, ಮುಂದಿನ ಸಾಲಿನಿಂದ ರುಮಾಲು ಸುತ್ತಿದ ಹಿರಿಯರೊಬ್ಬರು ಎದ್ದು ನಿಂತು, “ರೊಕ್ಕಾ ಕೊಟ್ಟ ಬಂದೀನ್ರೀ, ಹಾಡು ಪೂರ್ತಿ ಆಗ್ಲಿ” ಎಂದರು. ನಟ ಕೈಮುಗಿದು, ಹಾರ್ಮೋನಿಯಂ ಮಾಸ್ತರರ ಕಡೆ ತಿರುಗಿ, ಮತ್ತೆ ಶ್ರುತಿ ಹಿಡಿದು ಹಾಡಿದ. ಅಷ್ಟು ಚೆನ್ನಾಗಿ ಹಾಡಿದನೆಂದರೆ ಅದೇ ಹಿರಿಯರು ‘ಒನ್ಸ್ ಮೋರ್’ ಎಂದು ಕೂಗಿದರು. ಹಾಗೆ ಎದ್ದು ಕೇಳುವ ಹಕ್ಕು ಅವರಿಗೆ ಬಂದದ್ದು ಟಿಕೆಟ್ಟಿನಿಂದ.

ಪ್ರವೇಶ ಉಚಿತವಿರುವ ಕಡೆ ಏನಾಗುತ್ತದೆಂಬುದನ್ನೂ ಕೇಳಿ. ನಮ್ಮ ಅವಳಿ ನಗರದ ಸಭಾಂಗಣವೊಂದರಲ್ಲಿ ಆರೂವರೆಗೆ ನಾಟಕವೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಮೊದಲು ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ನಂತರ ವೇದಿಕೆ ತುಂಬ ಕುಳಿತವರಿಗೆಲ್ಲ ಶಾಲು, ಹಾರ. ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡು ನಿಂತ ಹುಡುಗರು ಬೆವರು ಒರೆಸಿಕೊಳ್ಳುತ್ತಿದ್ದರು. ಎಂಟು ಗಂಟೆಗೆ ನಾಟಕ ಶುರುವಾಯಿತು. ಸನ್ಮಾನ ಮುಗಿದದ್ದೇ ಅತಿಥಿಗಳೂ ಅವರ ಹಿಂದೆ ಬಂದವರೂ ಎದ್ದು ಹೋದರು. ಒಂಬತ್ತಕ್ಕೆ ಕೊನೆಯ ಬಸ್ಸು ಹಿಡಿಯಬೇಕಾದವರು ಹೋದರು. ಮುಖ್ಯ ದೃಶ್ಯದ ಹೊತ್ತಿಗೆ ಕುರ್ಚಿಗಳೇ ಪ್ರೇಕ್ಷಕರು. ಯಾರೂ ಗೊಣಗಲಿಲ್ಲ, ಏಕೆಂದರೆ ಯಾರ ಕಿಸೆಯಿಂದಲೂ ಏನೂ ಹೋಗಿರಲಿಲ್ಲ. ಟಿಕೆಟ್ ಕೊಂಡವರ ಎದುರಿಗೆ ಒಂದೂವರೆ ತಾಸು ಭಾಷಣ ಮಾಡುವ ಧೈರ್ಯ ಯಾರಿಗೂ ಬರುವುದಿಲ್ಲ. ಶಾಲಾ ಮಕ್ಕಳಿಗೆ, ಕೈಯಲ್ಲಿ ಕಾಸಿಲ್ಲದವರಿಗೆ ಉಚಿತ ಪ್ರದರ್ಶನ ಇರಲಿ, ಬೇಡವೆನ್ನುವುದಿಲ್ಲ. ಆದರೆ ಪಾಸ್ ಕೇಳುವವರು ಅವರಲ್ಲ. ಹುಬ್ಬಳ್ಳಿಯಲ್ಲಿ ಕಂಪನಿ ಬಂದು ಕ್ಯಾಂಪ್ ಹಾಕಿತೆಂದರೆ ಮೊದಲು ಪಾಸಿಗೆ ಫೋನ್ ಮಾಡುವವರು ಕಾರಿನಲ್ಲಿ ಬರುವವರು. ಅವರೇ ಖಾನಾವಳಿಗೆ ಹೋದಾಗ ಎಣ್ಣೆಗಾಯಿ ಬದನೆಕಾಯಿಗೆ, ಬಿಸಿ ರೊಟ್ಟಿಗೆ ಬಿಲ್ಲು ಎಷ್ಟಾದರೂ ಕೊಡುತ್ತಾರೆ. ಅಡಿಗೆಯವರ ದುಡಿಮೆಗೆ ಬೆಲೆ ಇದೆ, ನಟರ ದುಡಿಮೆಗೆ ಇಲ್ಲವೆಂದರೆ ಹೇಗೆ? ಪುಸ್ತಕದ ಪಾಡೂ ಇದೇ. ಬಿಡುಗಡೆಗೆ ಬಂದವರು ಗೌರವ ಪ್ರತಿ ಕೇಳುತ್ತಾರೆ, ಲೇಖಕರ ಗೆಳೆಯರು ಹಸ್ತಾಕ್ಷರ ಹಾಕಿದ ಪ್ರತಿ ಕೇಳುತ್ತಾರೆ. ಕೊನೆಗೆ ಮುದ್ರಣದ ಸಾಲ ಪ್ರಕಾಶಕರ ತಲೆಯ ಮೇಲೆ ಉಳಿಯುತ್ತದೆ.

ನೀವು ನೋಡಿದ ನಾಟಕದ ಬೇರೂ ಇಲ್ಲಿಯೇ ಇದೆ. ಕಾರ್ನಾಡರು ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಅವರ ನಾಟಕಗಳನ್ನು ಅಚ್ಚು ಹಾಕಿಸಿದ್ದು ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ, ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ. ಅವರ ನಾಟಕವನ್ನು ರಂಗದ ಮೇಲೆ ನೋಡಲು ನೀವು 300 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬಂದಿರಿ. ನಿಮ್ಮದೇ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಶೇಷಗಿರಿ ಎಂಬ ಹಳ್ಳಿಯ ಜನ ತಾವೇ ತಂಡ ಕಟ್ಟಿಕೊಂಡು ರಂಗಮಂದಿರವನ್ನೂ ಮಾಡಿಕೊಂಡಿದ್ದಾರೆ. ಅಲ್ಲಿಗೆ ಹೋಗಿದ್ದ ಪ್ರಸ್ತಾಪ ಪತ್ರದಲ್ಲಿ ಇಲ್ಲ. “ನಾಟಕವೇ ಉಳಿದಿಲ್ಲ” ಎಂಬ ಮಾತು ಶಿಕ್ಷಕಿಯೊಬ್ಬರ ಲೇಖನಿಯಿಂದ ಬಂದದ್ದಕ್ಕೆ ನನಗೆ ಬೇಸರವಾಯಿತು. ಅಭಿಮಾನದಿಂದಲೇ ಗದರುತ್ತಿದ್ದೇನೆಂದು ತಿಳಿಯಿರಿ.

ಮುಂದಿನ ಸಲ ಆ ಗೆಳತಿಯರನ್ನು ಇಲ್ಲಿಗೆ ಕರೆಯಿರಿ. ಮಧ್ಯಾಹ್ನ ಧಾರವಾಡದ ಖಾನಾವಳಿಯೊಂದರಲ್ಲಿ ಝುಣಕ, ಗುರೆಳ್ಳು ಚಟ್ನಿಯ ಊಟವಾಗಲಿ, ಸಂಜೆ ಹುಬ್ಬಳ್ಳಿಯಲ್ಲಿ ಗಿರ್ಮಿಟ್, ಮಿರ್ಚಿ ತಿಂದು ಕಂಪನಿಯ ಕಿಟಕಿಯ ಮುಂದೆ ಸರದಿಯಲ್ಲಿ ನಿಲ್ಲಿರಿ. ಸರ್ಕಾರಕ್ಕೆ ಬರೆಯುವುದಿದ್ದರೆ ಉಚಿತ ನಾಟಕವನ್ನು ಕೇಳಬೇಡಿ. ಕಂಪನಿಗಳಿಗೆ ಕ್ಯಾಂಪ್ ಹಾಕಲು ಊರೊಳಗೆ ಜಾಗ ಕೇಳಿ, ರಂಗಮಂದಿರಗಳ ಬಾಡಿಗೆಯನ್ನು ನಾಟಕ ತಂಡಗಳಿಗೆ ನಿಲುಕುವಂತೆ ಇಳಿಸಲು ಕೇಳಿ, ಆಟ ಮುಗಿದ ಮೇಲೆ ಹಾವೇರಿಗೂ ಗದುಗಿಗೂ ಒಂದೊಂದು ಬಸ್ಸು ಬಿಡಲು ಕೇಳಿ. ಅಂಥ ಮನವಿಯನ್ನು ನೀವು ಬರೆದು ಕಳಿಸಿದರೆ ಇದೇ ಪುಟದಲ್ಲಿ ಪ್ರಕಟಿಸಿ, ನಿಮ್ಮ ಸಹಿಯ ಕೆಳಗೆ ನನ್ನ ಸಹಿಯನ್ನೂ ಹಾಕುತ್ತೇನೆ.

— ಸಂಪಾದಕ