ಖಾಲಿ ತೋಟಾ, ಪ್ರೈಮರ್, ಮದ್ದು: ಹೊರದೇಶದಿಂದ ತರಿಸಬಹುದೇ?

ಪ್ರಶ್ನೆ: ನನ್ನಲ್ಲಿ ಲೈಸೆನ್ಸ್ ಇರುವ 12 ಬೋರ್ ಜೋಡುನಳಿಗೆ ಕೋವಿ ಇದೆ. ಅಮೆರಿಕದಲ್ಲಿರುವ ಮಗ ದಸರೆಗೆ ಬರುವಾಗ ಖಾಲಿ ತೋಟಾ, ಪ್ರೈಮರ್, ಮದ್ದು (ಗನ್ ಪೌಡರ್), ತೋಟಾ ತುಂಬುವ ಪ್ರೆಸ್ ತರುತ್ತೇನೆ ಎನ್ನುತ್ತಾನೆ. ಬ್ಯಾಗಿನಲ್ಲಿ ಆಗದಿದ್ದರೆ ಕೊರಿಯರ್ ಮಾಡುತ್ತಾನಂತೆ. ತೊಂದರೆ ಆದೀತೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಖಂಡಿತ ಆಗುತ್ತದೆ. ಇವತ್ತೇ ಫೋನ್ ಮಾಡಿ ಬೇಡ ಎನ್ನಿ.

ಬಿಡಿಬಿಡಿಯಾಗಿ ತಂದರೆ ಅದು ತೋಟಾ ಅಲ್ಲವಲ್ಲ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮಿನಲ್ಲಿ ಮದ್ದುಗುಂಡು ಎಂದರೆ ಅದರ ಬಿಡಿಭಾಗವೂ ಹೌದು, ಅದನ್ನು ತಯಾರಿಸುವ ಯಂತ್ರವೂ ಹೌದು. ನಿಮ್ಮ ಕೈಲಿರುವುದು 3ನೇ ಕಲಮಿನ ಲೈಸೆನ್ಸ್, ಕೊಳ್ಳಲು, ಇಟ್ಟುಕೊಳ್ಳಲು, ಒಯ್ಯಲು ಮಾತ್ರ. ಹೊರದೇಶದಿಂದ ತರಲು 10ನೇ ಕಲಮಿನ ಲೈಸೆನ್ಸ್, ತಯಾರಿಸಲು 5ನೇ ಕಲಮಿನದು ಬೇರೆಯೇ ಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸಿದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಸಜೆ.

ಇನ್ನು ಸಾಗಾಟ. ಪ್ರೈಮರ್ ಎಂದರೆ ತೋಟಾದ ಮದ್ದಿಗೆ ಕಿಡಿ ಕೊಡುವ, ಬೆರಳ ತುದಿಯಲ್ಲಿ ಕೂರುವಷ್ಟು ಸಣ್ಣ ಲೋಹದ ಬಟ್ಟಲು. ಒಳಗೆ ಸಾಮಾನ್ಯವಾಗಿ ಲೆಡ್ ಸ್ಟಿಫ್ನೇಟ್ ಎಂಬ ಸ್ಫೋಟಕ ಇರುವ ಮಿಶ್ರಣ, ಅದಕ್ಕೆ ಆತುಕೊಂಡು ಕಮ್ಮಾರನ ಅಡಿಗಲ್ಲಿನ ಹಾಗೆ ಪುಟ್ಟದೊಂದು ತುಂಡು. ಪೆಟ್ಟು ಬಿದ್ದರೆ ಮಿಶ್ರಣ ಬಟ್ಟಲಿಗೂ ಆ ತುಂಡಿಗೂ ನಡುವೆ ಜಜ್ಜಿ ಸಿಡಿಯುತ್ತದೆ. ಕಾರ್ಖಾನೆಯ ಟ್ರೇಯಲ್ಲಿ ಒಂದೊಂದನ್ನೂ ಬೇರೆ ಬೇರೆ ಗುಳಿಯಲ್ಲಿ ಕೂರಿಸುವುದು ಒಂದು ಸಿಡಿದರೆ ಪಕ್ಕದ್ದು ಹತ್ತಿಕೊಳ್ಳದಿರಲಿ ಎಂದು. ಜಾಗ ಉಳಿಸಲು ಡಬ್ಬಿಗೆ ಸುರಿದು ತರುವುದಕ್ಕಿಂತ ದೊಡ್ಡ ಅಪಾಯವಿಲ್ಲ.

ವಿಶ್ವಸಂಸ್ಥೆಯ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಪ್ರೈಮರ್‌ಗೆ 0044, ಪ್ರೈಮರ್ ಕೂರಿಸಿದ ಖಾಲಿ ತೋಟಾಕ್ಕೆ 0055, ಹೊಗೆರಹಿತ ಮದ್ದಿಗೆ ಸಾಮಾನ್ಯವಾಗಿ 0161 ಎಂಬ ಸಂಖ್ಯೆ. ವಿಮಾನ ಸಂಸ್ಥೆ ಒಪ್ಪಿದರೆ ಪ್ರಯಾಣಿಕರ ಚೆಕ್-ಇನ್ ಬ್ಯಾಗಿನಲ್ಲಿ 5 ಕೆ.ಜಿ.ವರೆಗೆ ಇಡಬಹುದು ಎಂಬ ವಿನಾಯಿತಿ ಪೂರ್ತಿ ತಯಾರಾದ ತೋಟಾಗಳಿಗಷ್ಟೇ (0012, 0014). ಅದೂ ಎರಡೂ ದೇಶದ ಪರವಾನಗಿ ಇದ್ದಾಗ. ಪ್ರೈಮರ್ ಒಂದೇ ಇದ್ದರೂ, ಮದ್ದು ಒಂದು ಚಮಚವೇ ಆದರೂ ಆ ವಿನಾಯಿತಿ ಇಲ್ಲ. ಅಂತರರಾಷ್ಟ್ರೀಯ ಅಂಚೆಯಲ್ಲೂ ಸ್ಫೋಟಕ ನಿಷಿದ್ಧ.

ಪ್ರೈಮರ್ ಇಲ್ಲದ ಖಾಲಿ ತೋಟಾ, ಸೀಸದ ಚರೆ ಸಿಡಿಯುವುದಿಲ್ಲ ನಿಜ. ಆದರೆ ಶಸ್ತ್ರ ಕಾಯ್ದೆ, ಕಸ್ಟಮ್ಸ್ ಎರಡೂ ಬಿಡುವುದಿಲ್ಲ. ಅಮೆರಿಕದ ಕಡೆಯೂ 2020ರ ಮಾರ್ಚ್‌ನಿಂದ ಇಂಥ ಬಿಡಿಭಾಗಗಳು ಅಲ್ಲಿನ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯಲ್ಲಿವೆ. ಪಾರ್ಸೆಲ್ ಮೇಲೆ ‘ಲೋಹದ ಬಿಡಿಭಾಗ’, ‘ಗಿಫ್ಟ್’ ಎಂದು ಬರೆಸುವುದು ಎಲ್ಲಕ್ಕಿಂತ ಕೆಟ್ಟದ್ದು. ಎಕ್ಸ್-ರೇಯಲ್ಲಿ ತೋಟಾದ ಆಕಾರ ಅಡಗುವುದಿಲ್ಲ, ಸುಳ್ಳು ವಿವರಣೆಗೆ 1962ರ ಕಸ್ಟಮ್ಸ್ ಕಾಯ್ದೆಯ 111ನೇ ಕಲಮಿನಡಿ ಮುಟ್ಟುಗೋಲು, 112ರಡಿ ದಂಡ. ಈಗಾಗಲೇ ಕಳಿಸಿದ್ದರೆ ಅಲ್ಲಿಂದ ಹೊರಡುವ ಮೊದಲೇ ವಾಪಸು ತರಿಸಲಿ. ಕಸ್ಟಮ್ಸ್ ಪತ್ರ ಬಂದುಬಿಟ್ಟಿದ್ದರೆ ವಕೀಲರನ್ನು ಕಂಡು, ಇದ್ದದ್ದು ಇದ್ದ ಹಾಗೆ ಉತ್ತರಿಸಿ.

ನಿಮಗೆ ಬೇಕಾಗಿರುವುದು ತೋಟಾ ತಾನೇ? ಪುಣೆಯ ಖಡಕಿ ಕಾರ್ಖಾನೆಯ 12 ಬೋರ್ ಶಕ್ತಿಮಾನ್ ತೋಟಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿ ನಮೂದು ಮಾಡಿಸಿಯೇ ಕೊಳ್ಳಿ.

ಪ್ರಶ್ನೆ: ಕಾಡುಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಕೇಪಿನ ಕೋವಿ ಇದೆ. ವಿದೇಶಿ ವೆಬ್‌ಸೈಟಿನಲ್ಲಿ ಕೇಪು ಅಗ್ಗ. ತರಿಸಲೇ?
– ರೈತರು, ಮಳವಳ್ಳಿ

ಉತ್ತರ: ಬೇಡ. ಕೇಪು (ಕೋವಿಯ ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಕೂಡ 0044ರ ಸಾಲಿಗೇ ಸೇರುತ್ತದೆ. ಕರಿಮದ್ದು ಇನ್ನೂ ಬಿಗಿ: 0027, ಒಟ್ಟಿಗೆ ಸಿಡಿಯುವ ವರ್ಗ. ಲೈಸೆನ್ಸಿನಲ್ಲಿ ಬರೆದಿರುವ ಪ್ರಮಾಣದೊಳಗೆ ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ. ಪ್ರಮಾಣ ಸಾಲದಿದ್ದರೆ ಮಂಡ್ಯದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ.

ಪ್ರಶ್ನೆ: ಹಾರಿಸಿದ ಖಾಲಿ ತೋಟಾ ನೆನಪಿಗೆಂದು ಬ್ಯಾಗಿನಲ್ಲಿ ಇಟ್ಟುಕೊಂಡರೆ?
– ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಉತ್ತರ: ಮಂಡಕಳ್ಳಿ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೆ ಪೊಲೀಸರಿಗೆ ಒಪ್ಪಿಸಬಹುದು, ಪ್ರಯಾಣವೂ ತಪ್ಪೀತು. ಅರಿವಿನ ಸ್ವಾಧೀನವಿದ್ದರಷ್ಟೇ (ತನ್ನ ಬಳಿ ಇದೆ ಎಂದು ಗೊತ್ತಿದ್ದರಷ್ಟೇ) ಅಪರಾಧ ಎಂಬ ತತ್ವ 1972ರ ಗುನ್ವಂತಲಾಲ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಮರೆತು ಉಳಿದಿದ್ದವರಿಗೆ ಅದು ಆಸರೆ. ಗೊತ್ತಿದ್ದೇ ಇಟ್ಟುಕೊಂಡ ನಿಮಗೆ ಅದು ಒದಗದು. ಪ್ಯಾಕ್ ಮಾಡುವ ಮುನ್ನ ಎನ್‌ಸಿಸಿ ಕ್ಯಾಂಪಿಗೆ, ಚಾರಣಕ್ಕೆ ಒಯ್ದ ಬ್ಯಾಗಿನ ಪಕ್ಕದ ಜೇಬುಗಳನ್ನು ಹೊರಮಗುಚಿ ಒಮ್ಮೆ ಕೊಡವಿ.