ನಾಲ್ಕು ತಿಂಗಳು ಆಫ್ ಇದ್ದ ಡೊಮೇನ್ ಕಂಟ್ರೋಲರ್ ರೆಪ್ಲಿಕೇಟ್ ಆಗುತ್ತಿಲ್ಲ, ಏನು ಮಾಡಲಿ?

ಬ್ರಾಂಚಿನ ಡೊಮೇನ್ ಕಂಟ್ರೋಲರ್ (ಅಕೌಂಟ್‌ಗಳನ್ನು ಇಟ್ಟುಕೊಂಡು ಲಾಗಿನ್ ಪರಿಶೀಲಿಸುವ ಸರ್ವರ್) ಡಿಸಿ2 ನಾಲ್ಕು ತಿಂಗಳು ಆಫ್ ಇತ್ತು, ಆನ್ ಮಾಡಿದ ಮೇಲೆ ರೆಪ್ಲಿಕೇಷನ್ (ಕಂಟ್ರೋಲರ್‌ಗಳ ನಡುವೆ ಡೇಟಾ ನಕಲಾಗುವುದು) ಆಗದೆ ‘ಟಾರ್ಗೆಟ್ ಪ್ರಿನ್ಸಿಪಲ್ ನೇಮ್ ಈಸ್ ಇನ್‌ಕರೆಕ್ಟ್’ ಎನ್ನುತ್ತಿದೆ, ಇನ್ನೊಂದು ಕಂಟ್ರೋಲರ್ ಡಿಸಿ1 ಚೆನ್ನಾಗಿದೆ ಎಂದಿದ್ದೀರಿ. ಕಮಾಂಡಿಗೆ ಕೈಹಾಕುವ ಮೊದಲು ಟೂಂಬ್‌ಸ್ಟೋನ್ ಲೈಫ್‌ಟೈಮ್, ಅಂದರೆ ಅಳಿಸಿದ ಆಬ್ಜೆಕ್ಟಿನ ಗುರುತು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ನೋಡಿ. ಎಡಿಎಸ್‌ಐ ಎಡಿಟ್ ಎಂಬ ಟೂಲ್ ತೆರೆದು, ಕಾನ್ಫಿಗರೇಷನ್, ಸರ್ವಿಸಸ್, ವಿಂಡೋಸ್ ಎನ್‌ಟಿ ದಾಟಿ ಡೈರೆಕ್ಟರಿ ಸರ್ವಿಸ್‌ನ ಪ್ರಾಪರ್ಟೀಸ್‌ಗೆ ಹೋದರೆ ಸಿಗುತ್ತದೆ. 180 ದಿನ ಇದ್ದರೆ ಬಚಾವ್. ‘ನಾಟ್ ಸೆಟ್’ ಎಂದಿದ್ದರೆ ಲೆಕ್ಕ 60 ದಿನ, ಹಳೆಯ ಫಾರೆಸ್ಟ್‌ಗಳಲ್ಲಿ (ಡೊಮೇನ್‌ಗಳ ಇಡೀ ಗುಂಪು) ಹೀಗಿರುತ್ತದೆ.

ಅವಧಿ ಮೀರಿದ್ದರೆ ಇವೆಂಟ್ 2042, ಎರರ್ 8614 ಬರುತ್ತದೆ. ರಿಜಿಸ್ಟ್ರಿಯಲ್ಲಿ ‘ಅಲೋ ರೆಪ್ಲಿಕೇಷನ್ ವಿತ್ ಡೈವರ್ಜೆಂಟ್ ಅಂಡ್ ಕರಪ್ಟ್ ಪಾರ್ಟ್‌ನರ್’ ಹಾಕಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಬೇಡ. ಡಿಸಿ1ರಲ್ಲಿ ಎಂದೋ ಅಳಿಸಿದ ಅಕೌಂಟ್‌ಗಳು ಡಿಸಿ2ರಲ್ಲಿ ಇನ್ನೂ ಜೀವಂತ ಇರುತ್ತವೆ, ಅವು ವಾಪಸ್ ಬರಬಹುದು. ಡಿಸಿ2ನ್ನು ಫೋರ್ಸ್ ರಿಮೂವಲ್‌ನಿಂದ ಕಿತ್ತು, ಡಿಸಿ1ರಲ್ಲಿ ಅದರ ಮೆಟಾಡೇಟಾ (ಹಳೆಯ ದಾಖಲೆ) ಅಳಿಸಿ, ಹೊಸದಾಗಿ ಡೊಮೇನ್ ಕಂಟ್ರೋಲರ್ ಆಗಿ ಪ್ರಮೋಟ್ ಮಾಡುವುದೇ ಕಡಿಮೆ ತಲೆನೋವು. ಎಫ್‌ಎಸ್‌ಎಂಒ ರೋಲ್ (ಒಂದು ಸಮಯಕ್ಕೆ ಒಂದೇ ಕಂಟ್ರೋಲರ್ ಹೊರುವ ವಿಶೇಷ ಕೆಲಸ) ಏನಾದರೂ ಅದರ ಬಳಿ ಇದ್ದರೆ ಡಿಸಿ1ಕ್ಕೆ ಸೀಝ್ ಮಾಡಿಕೊಳ್ಳಬೇಕು.

ಆ ಅವಧಿಯೊಳಗಿದ್ದರೆ ಮುಂದುವರಿಯಿರಿ. ಡಿಸಿ2ರ ಪ್ರಿಫರ್ಡ್ ಡಿಎನ್‌ಎಸ್ ಡಿಸಿ1ರ ಐಪಿ ಆಗಿರಲಿ. ರೌಟರ್ ಅಥವಾ 8.8.8.8 ಅಲ್ಲ. ಗಡಿಯಾರದ ವ್ಯತ್ಯಾಸ 5 ನಿಮಿಷ ಮೀರಬಾರದು.

ಈಗ ನಿಮ್ಮ ಎರರ್ ವಿಚಾರ. ಡಿಸಿ1 ತನ್ನ ಕಂಪ್ಯೂಟರ್ ಅಕೌಂಟಿನ ಪಾಸ್‌ವರ್ಡನ್ನು 30 ದಿನಕ್ಕೊಮ್ಮೆ ಬದಲಿಸುತ್ತದೆ. ಡಿಸಿ2ರ ಡೇಟಾಬೇಸಿನಲ್ಲಿರುವುದು ನಾಲ್ಕು ತಿಂಗಳ ಹಿಂದಿನ ಪಾಸ್‌ವರ್ಡ್. ಡಿಸಿ2 ತನ್ನದೇ ಕೆಡಿಸಿಯಿಂದ (ಗುರುತಿನ ಟಿಕೆಟ್ ಕೊಡುವ ಸರ್ವಿಸ್) ಟಿಕೆಟ್ ಪಡೆದು ಹೋದರೆ, ಆ ಹಳೆಯ ಕೀಲಿಯ ಟಿಕೆಟನ್ನು ಡಿಸಿ1ಕ್ಕೆ ಬಿಚ್ಚಲಾಗುವುದಿಲ್ಲ. ಅದಕ್ಕೇ ಡಿಸಿ2ರಲ್ಲಿ ‘ಕರ್ಬರೋಸ್ ಕೀ ಡಿಸ್ಟ್ರಿಬ್ಯೂಷನ್ ಸೆಂಟರ್’ ಸರ್ವಿಸ್ ನಿಲ್ಲಿಸಿ, ಮ್ಯಾನ್ಯುಅಲ್‌ಗೆ ಇಟ್ಟು, ಒಮ್ಮೆ ರೀಸ್ಟಾರ್ಟ್ ಮಾಡಿ. ಹಳೆಯ ಟಿಕೆಟ್ ಹೋಗುತ್ತವೆ, ಹೊಸವು ಡಿಸಿ1ರಿಂದಲೇ ಬರುತ್ತವೆ. ಆಮೇಲೆ:

ರೆಪ್‌ಅಡ್ಮಿನ್ /ರೆಪ್ಲಿಕೇಟ್ ಡಿಸಿ2 ಡಿಸಿ1 ‘ಡೊಮೇನಿನ ಡಿಎನ್’

ಡಿಎನ್ ಎಂದರೆ ಡೈರೆಕ್ಟರಿಯಲ್ಲಿರುವ ಪೂರ್ಣ ಹೆಸರು. ಪಡೆಯುವ ಸರ್ವರ್ ಮೊದಲು, ಕೊಡುವುದು ನಂತರ. ಇದನ್ನು ಅದಲುಬದಲು ಮಾಡುವವರು ಬಹಳ. ಆಗಲೂ ಹಟ ಹಿಡಿದರೆ ಡಿಸಿ2ರ ಸ್ವಂತ ಪಾಸ್‌ವರ್ಡೂ ತಪ್ಪಿರಬಹುದು. ಡಿಸಿ2ರಲ್ಲೇ ಕೂತು ಇದನ್ನು ಓಡಿಸಿ:

ನೆಟ್‌ಡಮ್ ರೀಸೆಟ್‌ಪಿಡಬ್ಲ್ಯುಡಿ /ಸರ್ವರ್:ಡಿಸಿ1 /ಯೂಸರ್‌ಡಿ:ಡೊಮೇನ್\ಅಡ್ಮಿನ್ /ಪಾಸ್‌ವರ್ಡ್‌ಡಿ:*

ರೀಸ್ಟಾರ್ಟ್ ಮಾಡಿ ಮತ್ತೆ ರೆಪ್ಲಿಕೇಟ್ ಕೊಡಿ. ಎರಡೂ ಕಡೆಯಿಂದ ‘ರೆಪ್‌ಅಡ್ಮಿನ್ /ಶೋರೆಪ್ಲ್’ ಶುದ್ಧವಾಗಿ ಬಂದ ಮೇಲಷ್ಟೇ ಕೆಡಿಸಿಯನ್ನು ಆಟೊಮ್ಯಾಟಿಕ್‌ಗೆ ತಂದು ಶುರು ಮಾಡಿ. ಎರರ್ 8606 ಕಂಡರೆ ಲಿಂಗರಿಂಗ್ ಆಬ್ಜೆಕ್ಟ್ (ಬೇರೆಡೆ ಅಳಿಸಿದ್ದರೂ ಇಲ್ಲಿ ಉಳಿದವು) ಇವೆ. ‘ರೆಪ್‌ಅಡ್ಮಿನ್ /ರಿಮೂವ್‌ಲಿಂಗರಿಂಗ್‌ಆಬ್ಜೆಕ್ಟ್ಸ್’ಅನ್ನು ಮೊದಲು ಅಡ್ವೈಸರಿ ಮೋಡ್‌ನಲ್ಲಿ (ಏನೂ ಅಳಿಸದೆ) ಓಡಿಸಿ ಪಟ್ಟಿ ನೋಡಿ.

ಇಲ್ಲಿಗೇ ಬಿಟ್ಟರೆ ಗ್ರೂಪ್ ಪಾಲಿಸಿ ಕೈಕೊಡುತ್ತದೆ. ಪಾಲಿಸಿ ಫೈಲ್‌ಗಳಿರುವ ಸಿಸ್‌ವಾಲ್ ಫೋಲ್ಡರಿನದು ಬೇರೆಯೇ ಗಡುವು: ಸರ್ವರ್ 2012ರಿಂದ ಆ ಫೋಲ್ಡರನ್ನು ನಕಲಿಸುವ ಡಿಎಫ್‌ಎಸ್‌ಆರ್ ಸರ್ವಿಸ್ 60 ದಿನ ಸಂಪರ್ಕ ತಪ್ಪಿದರೆ ಇವೆಂಟ್ 4012 ಬರೆದು ಕೂತುಬಿಡುತ್ತದೆ. ಡಿಸಿ2ರ ಸಿಸ್‌ವಾಲ್ ಸಬ್‌ಸ್ಕ್ರಿಪ್ಷನ್ ಆಬ್ಜೆಕ್ಟಿನಲ್ಲಿ ‘ಎಂಎಸ್‌ಡಿಎಫ್‌ಎಸ್‌ಆರ್-ಎನೇಬಲ್ಡ್’ ಅನ್ನು ಫಾಲ್ಸ್ ಮಾಡಿ, ರೆಪ್ಲಿಕೇಟ್ ಮಾಡಿಸಿ, ‘ಡಿಎಫ್‌ಎಸ್‌ಆರ್‌ಡಯಾಗ್ ಪೋಲ್‌ಎಡಿ’ ಕೊಡಿ. ಇವೆಂಟ್ 4114 ಬರುವವರೆಗೆ ಕಾಯಿರಿ. ನಂತರ ಟ್ರೂ ಮಾಡಿ ಅದನ್ನೇ ಪುನಃ ಮಾಡಿ. 4614, ಹಿಂದೆಯೇ 4604 ಬಂದು, ‘ನೆಟ್ ಶೇರ್’ ಪಟ್ಟಿಯಲ್ಲಿ ಸಿಸ್‌ವಾಲ್, ನೆಟ್‌ಲಾಗಾನ್ ಎರಡೂ ಕಂಡರೆ ಮುಗಿಯಿತು.