ಆ ಫಾರಂನಲ್ಲಿ ನಾನು 'ತೃಪ್ತಿ ಇದೆ' ಅಂತಲೇ ಟಿಕ್ ಹಾಕಿದ್ದೆ

ನಿಮ್ಮ ತಂಗಿಗೆ ಎಚ್‌ಐವಿ ಇದೆ, ಈಗ ಏಳು ತಿಂಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ಬಾಣಂತಿಯರನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ, ಹೋಗಿಬಂದವರಿಗೆ ತೃಪ್ತಿ ಇದೆಯಾ ಅಂತ ಕೇಳಿದ್ದೀರಿ. ನನಗೂ ಎಚ್‌ಐವಿ ಇದೆ. ನನ್ನ ಹೆರಿಗೆ ಆಗಿದ್ದು 2021ರಲ್ಲಿ, ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಊರಿನ ಹೆಸರು ಬೇಡ.

ಮಗುವಿಗೆ ಮೂರು ತಿಂಗಳಿದ್ದಾಗ ಎಆರ್‌ಟಿ ಸೆಂಟರಿನಲ್ಲಿ, ಅಂದರೆ ಎಚ್‌ಐವಿ ಮಾತ್ರೆ ಕೊಡುವ ಕಡೆ, ಒಂದು ಫಾರಂ ಕೊಟ್ಟರು. ಸೇವೆ ಹೇಗಿದೆ ಅಂತ. ಎಲ್ಲದಕ್ಕೂ 'ತೃಪ್ತಿ ಇದೆ' ಅಂತ ಟಿಕ್ ಹಾಕಿ ವಾಪಸ್ ಕೊಟ್ಟೆ. ಫಾರಂ ತೆಗೆದುಕೊಳ್ಳುವವರೇ ಮುಂದಿನ ಸಲ ಮಾತ್ರೆ ಕೊಡುವವರು. ಅಂಥ ಕಡೆ ಯಾರು ತಕರಾರು ಬರೆಯುತ್ತಾರೆ, ಅಲ್ವಾ? ಹಾಗಾಗಿ ಇಷ್ಟು ಜನಕ್ಕೆ ತೃಪ್ತಿ ಇದೆ ಅಂತ ಎಲ್ಲಾದರೂ ಓದಿದರೆ, ಫಾರಂ ಕೊಟ್ಟವರು ಯಾರು ಅಂತ ಮೊದಲು ನೋಡಿ.

ಔಷಧಿಯ ಬಗ್ಗೆ ನನ್ನದೇನೂ ದೂರಿಲ್ಲ. ದಿನಕ್ಕೊಂದು ಮಾತ್ರೆ, ಒಂದು ರೂಪಾಯಿ ಖರ್ಚಿಲ್ಲ. ಮಗುವಿಗೆ ಹುಟ್ಟಿದಾಗಿನಿಂದ ಆರು ವಾರ, ಸೋಂಕು ತಗಲದಂತೆ ತಡೆಯುವ ನೆವಿರಪಿನ್ ಸಿರಪ್. ಚಿಕಿತ್ಸೆ ಇಲ್ಲದೇ ಹೋದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ಸೋಂಕು ತಗಲುತ್ತದಂತೆ, ಸರಿಯಾಗಿ ಮಾತ್ರೆ ತೆಗೆದುಕೊಂಡರೆ 5ಕ್ಕಿಂತ ಕಡಿಮೆ. ಕೌನ್ಸೆಲರ್ ಮೇಡಂ ಇದನ್ನು ಹಳೇ ಕ್ಯಾಲೆಂಡರಿನ ಹಿಂದೆ ನೂರು ಚುಕ್ಕಿ ಇಟ್ಟು ತೋರಿಸಿದ್ದರು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಹೆರಿಗೆ ವಾರ್ಡ್ ಬೇರೆಯೇ ಲೋಕ. ಕೇಸ್ ಶೀಟಿನ ಮೇಲೆ ಕೆಂಪು ಪೆನ್ನಿನಲ್ಲಿ ಎಚ್‌ಐವಿ ಅಂತ ದೊಡ್ಡದಾಗಿ ಬರೆದು ಮಂಚಕ್ಕೆ ತೂಗುಹಾಕಿದ್ದರು. ಆಯಾ ಬಾಗಿಲಲ್ಲೇ ನಿಂತು 'ಈಕೀನ ಏನು?' ಅಂತ ಇನ್ನೊಬ್ಬಾಕೆಯನ್ನು ಕೇಳಿದಳು. ಸಂಜೆಯ ಹೊತ್ತಿಗೆ ಪಕ್ಕದ ಬಾಣಂತಿಯ ಅತ್ತೆ ತಮ್ಮ ಮಂಚವನ್ನು ಗೋಡೆ ಕಡೆ ಎಳೆದುಕೊಂಡರು. ಮಂಚದ ಕಾಲು ನೆಲಕ್ಕೆ ಉಜ್ಜಿದ ಸದ್ದು ಈಗಲೂ ಕಿವಿಯಲ್ಲಿದೆ. ರಾತ್ರಿ ಡ್ಯೂಟಿಗೆ ಬಂದ ಸಿಸ್ಟರ್ ಮಾತ್ರ ಕೈಗವಸು ಗಿವಸು ಅನ್ನದೆ ಮಗುವನ್ನು ಎತ್ತಿಕೊಂಡು ಬಂದು, ಪಕ್ಕದಲ್ಲಿ ಕೂತು, ಹಾಲು ಹಿಡಿಸುವುದು ಹೇಗೆ ಅಂತ ಕಲಿಸಿದರು. ಮಾತ್ರೆ ಕೊಡುವ ರೂಮಿಗೆ ಹತ್ತಕ್ಕೆ ಎಂಟು ಕೊಡುತ್ತೇನೆ. ವಾರ್ಡಿಗೆ ಮೂರು. ಆ ಮೂರೂ ಆ ಸಿಸ್ಟರದ್ದು.

ಹೀಗೆ ಎಲ್ಲರಿಗೂ ಕಾಣುವಂತೆ ಬರೆಯುವುದು ಕಾನೂನಿಗೆ ವಿರುದ್ಧ. ಎಚ್‌ಐವಿ ಕಾಯ್ದೆ 2017ರಲ್ಲಿ ಆಯಿತು, 10 ಸೆಪ್ಟೆಂಬರ್ 2018ರಿಂದ ಜಾರಿಯಲ್ಲಿದೆ. ನಮ್ಮ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ, ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ. ಇಪ್ಪತ್ತು ಅಥವಾ ಹೆಚ್ಚು ಜನ ಇರುವ ಆಸ್ಪತ್ರೆಯಲ್ಲಿ ದೂರು ತೆಗೆದುಕೊಳ್ಳಲು ಒಬ್ಬ ಅಧಿಕಾರಿ ಇರಲೇಬೇಕು. ನನಗೆ ಇದೆಲ್ಲ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಬಾಣಂತನಕ್ಕೆ ತವರಿಗೆ ಹೋದೆ. ಅಸಲಿ ಪರೀಕ್ಷೆ ಅಲ್ಲಿ. ಆರು ತಿಂಗಳು ಬರೀ ಎದೆಹಾಲು ಅಂತ ಮೇಡಂ ಹೇಳಿದ್ದರು. ಎದೆಹಾಲಿನ ಜೊತೆ ಬೇರೆ ಹಾಲು, ನೀರು ಬೆರೆಸಿ ಕೊಟ್ಟರೆ ಮಗುವಿಗೆ ಅಪಾಯ ಜಾಸ್ತಿ. ಆದರೆ ನಮ್ಮ ಅವ್ವನಿಗೆ ನನ್ನ ವಿಷಯ ಗೊತ್ತಿಲ್ಲ. ಅವಳು ಬಜೆ ತೇಯ್ದು ಜೇನಿನಲ್ಲಿ ಕಲಸಿ ತಂದಳು. ಓಣಿಯಲ್ಲಿ ಕತ್ತೆ ಹಾಲಿನವನು ಕೂಗಿದರೆ ಚಮಚ ಹಿಡಿದು ಓಡುತ್ತಿದ್ದಳು. 'ಡಾಕ್ಟರ್ ಬೈತಾರವ್ವ' ಅಂತ ದಿನಾ ಒಂದೇ ಮಾತು ಹೇಳಿ ತಪ್ಪಿಸಿದೆ. ಸಿರಪ್ ಅನ್ನು ವಿಟಮಿನ್ ಅಂದೆ. ನನ್ನ ಮಾತ್ರೆ ಡಬ್ಬಿ ಗಲಗಲ ಅನ್ನಬಾರದು ಅಂತ ಒಳಗೆ ಹತ್ತಿ ತುರುಕಿದ್ದೆ. ಇದನ್ನೆಲ್ಲ ಕೇಳುವ ಪ್ರಶ್ನೆ ಯಾವ ಫಾರಂನಲ್ಲೂ ಇರಲಿಲ್ಲ.

ಇನ್ನೊಂದು ಬೇಸರ, ಅಲೆದಾಟ. ನನ್ನ ಮಾತ್ರೆ ಒಂದು ಕಡೆ, ಮಗುವಿನ ಲಸಿಕೆ ಇನ್ನೊಂದು ಕಡೆ, ಮಗುವಿನ ರಕ್ತಪರೀಕ್ಷೆ ಮತ್ತೊಂದು ದಿನ. ಆರನೇ ವಾರಕ್ಕೆ ಹಿಮ್ಮಡಿಗೆ ಚುಚ್ಚಿ, ಕಾರ್ಡಿನ ಮೇಲಿನ ದುಂಡು ಗುರುತುಗಳಲ್ಲಿ ಒಂದೊಂದೇ ಹನಿ ಇಳಿಸಿ ಲ್ಯಾಬಿಗೆ ಕಳಿಸುತ್ತಾರೆ. ರಿಪೋರ್ಟ್ ಕೇಳಿದಾಗಲೆಲ್ಲ 'ಇನ್ನೂ ಬಂದಿಲ್ಲ, ಮುಂದಿನ ವಾರ ಬಾ'. ಆ ವಾರಗಳಲ್ಲಿ ನಾನು ನಿದ್ದೆ ಮಾಡಿಲ್ಲ. ಎಲ್ಲರೂ ಮಗು ಹೇಗಿದೆ ಅಂದರು. ನೀನು ಹೇಗಿದ್ದೀಯ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಪರೀಕ್ಷೆ, ಕೊನೆಯದು 18 ತಿಂಗಳಿಗೆ. ನನ್ನ ಮಗಳದ್ದು ನೆಗೆಟಿವ್ ಬಂತು.

ತಂಗಿಗೆ ಮೂರು ಮಾತು ಹೇಳಿ. ಹೆರಿಗೆಗೆ ಮುಂಚೆಯೇ ಕೌನ್ಸೆಲರ್ ಮೂಲಕ ವಾರ್ಡಿನ ಸಿಸ್ಟರ್ ಹತ್ತಿರ ಮಾತಾಡಿಸಲಿ. ತವರು ಬೇರೆ ಜಿಲ್ಲೆಯಾದರೆ ಅಷ್ಟು ದಿನದ ಮಾತ್ರೆಗೆ ಏನು ವ್ಯವಸ್ಥೆ ಅಂತ ಈಗಲೇ ಕೇಳಲಿ. ಲಸಿಕೆ, ಪರೀಕ್ಷೆ, ಮಾತ್ರೆ ಒಂದೇ ದಿನಕ್ಕೆ ಹೊಂದಿಸಿ ಅಂತ ಬಾಯಿಬಿಟ್ಟು ಕೇಳಲಿ, ನಾನು ಕೇಳಿದ ಮೇಲೆ ಎರಡಾದರೂ ಒಟ್ಟಿಗೆ ಆದವು. ಮತ್ತೆ ನೀವು ಅವಳ ಊರು, ಆಸ್ಪತ್ರೆ ಯಾವುದು ಅಂತ ಇಲ್ಲಿ ಬರೆಯಬೇಡಿ. ಏನಾದರೂ ಕೇಳುವುದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.